ಮಕ್ಕಳ ನರ್ಸಿಂಗ್ ಡಿಗ್ರಿ: ಯೂನಿವರ್ಸಿಟಿ ನೋಡೋ ಮುಂಚೆ ವಾರ್ಡ್ ನೋಡಿ

ಕಳೆದ ಚಳಿಗಾಲದ ಒಂದು ಭಾನುವಾರ ನನ್ನ ತಂಗಿಯ ಮಗಳು ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಹುಟ್ಟಿದ್ದು ಮೈಸೂರು, ಬೆಳೆದದ್ದೆಲ್ಲ ಇಂಗ್ಲೆಂಡ್. ಎ ಲೆವೆಲ್‌ನ, ಅಂದರೆ ನಮ್ಮ ಪಿಯುಸಿಯಂಥದ್ದರ, ಕೊನೆಯ ವರ್ಷ. ಮಕ್ಕಳ ನರ್ಸ್ ಆಗಬೇಕು ಅಂತ ಅವಳು ತೀರ್ಮಾನ ಮಾಡಿ ಆಗಿತ್ತು. ಯಾವ ಯೂನಿವರ್ಸಿಟಿ ಅನ್ನೋದು ಮಾತ್ರ ಬಗೆಹರಿದಿರಲಿಲ್ಲ. ಅದಕ್ಕೆ ಒಂದು ಸ್ಪ್ರೆಡ್‌ಶೀಟ್ ಮಾಡಿದ್ದಳು. 11 ಯೂನಿವರ್ಸಿಟಿ, ಆರು ಕಾಲಂ. ಮೊದಲ ಕಾಲಂ ರ‍್ಯಾಂಕ್. ಕೊನೆಯದು "ಊರು ಚೆನ್ನಾಗಿದೆಯಾ?"

ಅದೇ ಹೊತ್ತಿಗೆ ಮೈಸೂರಿನಿಂದ ಅವಳ ಅಜ್ಜಿಯ ಫೋನ್ ಬಂತು. "ಮಕ್ಕಳ ನರ್ಸಾ? ಹಾಗಾದ್ರೆ ದೊಡ್ಡವರನ್ನ ನೋಡ್ಕೊಳ್ಳೋಕೆ ಬರಲ್ವಾ?"

ಎಲ್ಲರೂ ನಕ್ಕರು. ಆದರೆ ಆ ಸ್ಪ್ರೆಡ್‌ಶೀಟಿನ ಆರೂ ಕಾಲಂಗಿಂತ ಅಜ್ಜಿಯ ಪ್ರಶ್ನೆಯೇ ಒಳ್ಳೆಯದಾಗಿತ್ತು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಬ್ರಿಟನ್ನಿನಲ್ಲಿ ನರ್ಸಿಂಗ್ ಡಿಗ್ರಿಗೆ ಸೇರುವಾಗಲೇ ನಾಲ್ಕರಲ್ಲಿ ಒಂದು ದಾರಿ ಆರಿಸಿಕೊಳ್ಳಬೇಕು. ದೊಡ್ಡವರ ನರ್ಸಿಂಗ್, ಮಕ್ಕಳ ನರ್ಸಿಂಗ್, ಮೆಂಟಲ್ ಹೆಲ್ತ್, ಲರ್ನಿಂಗ್ ಡಿಸೆಬಿಲಿಟಿ (ಕಲಿಕೆಯ ತೊಡಕು ಇರುವವರ ನರ್ಸಿಂಗ್). ಇವನ್ನು ಅಲ್ಲಿ ಫೀಲ್ಡ್ ಅನ್ನುತ್ತಾರೆ. ನರ್ಸ್‌ಗಳ ರಿಜಿಸ್ಟರ್ ಇಟ್ಟುಕೊಂಡಿರುವ ಸಂಸ್ಥೆ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಅಂದರೆ ಎನ್‌ಎಂಸಿ. ನಿಮ್ಮ ಹೆಸರಿನ ಮುಂದೆ ನೀವು ಯಾವ ಫೀಲ್ಡ್‌ನ ನರ್ಸ್ ಅಂತ ಅದರ ರಿಜಿಸ್ಟರಿನಲ್ಲಿ ನಮೂದಾಗಿರುತ್ತದೆ. ನಮ್ಮಲ್ಲಿ ಹಾಗಿಲ್ಲ. ಕರ್ನಾಟಕದಲ್ಲಿ ಬಿ.ಎಸ್‌ಸಿ ನರ್ಸಿಂಗ್ ನಾಲ್ಕು ವರ್ಷದ ಸಾಮಾನ್ಯ ಡಿಗ್ರಿ. ಮಕ್ಕಳ ಆರೋಗ್ಯ ಅದರೊಳಗಿನ ಒಂದು ವಿಷಯ. ಪೂರ್ತಿ ಮಕ್ಕಳ ಕಡೆಗೇ ಹೋಗಬೇಕು ಅಂದರೆ ಮುಂದೆ ಎಂ.ಎಸ್‌ಸಿಯಲ್ಲಿ ಹೋಗುತ್ತಾರೆ. ಬ್ರಿಟನ್ನಿನಲ್ಲಿ 17ನೇ ವಯಸ್ಸಿನಲ್ಲೇ ಆ ಬಾಗಿಲು ತಟ್ಟಬೇಕು.

ಇದೇನು ಹೊಸ ಪದ್ಧತಿಯಲ್ಲ. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆ 1852ರಲ್ಲೇ ಶುರುವಾಯಿತು. 1919ರಲ್ಲಿ ನರ್ಸ್‌ಗಳ ನೋಂದಣಿಗೆ ಕಾನೂನು ಬಂದಾಗ ಮಕ್ಕಳ ನರ್ಸ್‌ಗಳಿಗೆ ಬೇರೆ ರಿಜಿಸ್ಟರ್ ಇಟ್ಟರು. ಮಗು ಅಂದರೆ ಚಿಕ್ಕ ಸೈಜಿನ ದೊಡ್ಡವರಲ್ಲ ಅನ್ನೋದು ಅದರ ಹಿಂದಿನ ಯೋಚನೆ. ತಮಾಷೆ ಏನಪ್ಪಾ ಅಂದರೆ, ಇಷ್ಟೆಲ್ಲ ಆದರೂ ಬಹಳ ಕಾಲ ಅಲ್ಲಿನ ಆಸ್ಪತ್ರೆಗಳಲ್ಲಿ ಅಪ್ಪ ಅಮ್ಮ ಮಗುವಿನ ಜೊತೆ ಇರೋ ಹಾಗಿರಲಿಲ್ಲ. ಹೆತ್ತವರನ್ನು ಒಳಗೆ ಬಿಡಿ ಅಂತ 1959ರಲ್ಲಿ ಪ್ಲಾಟ್ ವರದಿ ಹೇಳಬೇಕಾಯಿತು. ಅದೂ ಪೂರ್ತಿ ಜಾರಿಗೆ ಬರಲು ವರ್ಷಗಳೇ ಹಿಡಿದವು. ಇವತ್ತು ಮಕ್ಕಳ ವಾರ್ಡಿನಲ್ಲಿ ಹಾಸಿಗೆ ಪಕ್ಕ ಅಮ್ಮನಿಗೊಂದು ಮಡಚುವ ಮಂಚ ಇರುತ್ತದೆ. ಮಕ್ಕಳ ನರ್ಸ್‌ನ ಅರ್ಧ ಕೆಲಸ ಆ ಮಂಚದಲ್ಲಿ ಮಲಗಿದವರ ಜೊತೆ.

ಅಜ್ಜಿಗೆ ಉತ್ತರ ಹೀಗೆ. ಹುಟ್ಟಿದ ಕೂಸಿನಿಂದ 18ರ ಹತ್ತಿರದ ಹುಡುಗರವರೆಗೆ ಅವಳ ಕೆಲಸ. ಇಂಜೆಕ್ಷನ್ ಕೊಡೋದನ್ನು ಎಲ್ಲ ನರ್ಸ್‌ಗಳ ಹಾಗೇ ಕಲಿಯುತ್ತಾಳೆ. ಆದರೆ ಈ ಆಯ್ಕೆ ಬ್ರಿಟನ್ನಿನ ಹೊರಗೆ ಸ್ವಲ್ಪ ಬಿಗಿ ಅನ್ನಿಸಬಹುದು. ಅಮೆರಿಕದ ರಾಜ್ಯಗಳು ಸಾಮಾನ್ಯ ನರ್ಸಿಂಗ್ ತರಬೇತಿಯನ್ನೇ ಕೇಳುತ್ತವೆ. ಬರೀ ಮಕ್ಕಳ ಫೀಲ್ಡ್ ಓದಿದವರಿಗೆ ಅಲ್ಲಿ ಲೈಸೆನ್ಸ್ ಸಿಗೋದು ಕಷ್ಟ, ದೊಡ್ಡವರ ನರ್ಸಿಂಗ್‌ನ ಗಂಟೆಗಳು ಕಮ್ಮಿ ಬೀಳುತ್ತವೆ. ಮುಂದೆ ಡಲ್ಲಾಸ್‌ನಲ್ಲಿರೋ ದೊಡ್ಡಮ್ಮನ ಹತ್ತಿರ ಹೋಗೋ ಯೋಚನೆ ಇದ್ದರೆ ಇದನ್ನು ಈಗಲೇ ತಲೆಯಲ್ಲಿಟ್ಟುಕೊಳ್ಳಬೇಕು. ಕೆಲವು ಯೂನಿವರ್ಸಿಟಿಗಳಲ್ಲಿ ಎರಡು ಫೀಲ್ಡ್ ಸೇರಿಸಿ ನಾಲ್ಕು ವರ್ಷದ ಕೋರ್ಸ್ ಇದೆ. ಒಂದು ವರ್ಷ ಜಾಸ್ತಿ, ಬಾಗಿಲೂ ಎರಡು. ಭಾರತಕ್ಕೆ ಮರಳೋ ಆಸೆ ಇದ್ದವರು ಕೋರ್ಸ್‌ಗೆ ಸೇರೋ ಮುಂಚೆಯೇ ಇಂಡಿಯನ್ ನರ್ಸಿಂಗ್ ಕೌನ್ಸಿಲ್‌ನಲ್ಲಿ ವಿಚಾರಿಸೋದು ಒಳ್ಳೆಯದು, ಸೇರಿದ ಮೇಲಲ್ಲ.

ರ‍್ಯಾಂಕ್ ಕಾಲಂ ಯಾಕೆ ಅಳಿಸಿದೆವು

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಎನ್‌ಎಂಸಿ ಒಪ್ಪಿಗೆ ಇರುವ ಯಾವ ಯೂನಿವರ್ಸಿಟಿಯಿಂದ ಹೊರಬಂದರೂ ಸಿಗೋ ನೋಂದಣಿ ಒಂದೇ. ಒಪ್ಪಿಗೆ ಇರುವ ಕೋರ್ಸ್‌ಗಳ ಪಟ್ಟಿ ಎನ್‌ಎಂಸಿಯ ವೆಬ್‌ಸೈಟಿನಲ್ಲೇ ಇದೆ. ಎನ್‌ಎಚ್‌ಎಸ್‌ನಲ್ಲಿ, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ, ಹೊಸ ನರ್ಸ್‌ಗೆ ಬ್ಯಾಂಡ್ 5 ಅನ್ನೋ ದರ್ಜೆಯ ಸಂಬಳ. ಇಂಗ್ಲೆಂಡಿನಲ್ಲಿ 2025-26ಕ್ಕೆ ಅದು ವರ್ಷಕ್ಕೆ 31,049 ಪೌಂಡಿನಿಂದ ಶುರು. ನೀವು ಲಂಡನ್ನಿನ ಕಿಂಗ್ಸ್ ಕಾಲೇಜಿನವರೋ, ಯಾರೂ ಕೇಳದ ಊರಿನ ಯೂನಿವರ್ಸಿಟಿಯವರೋ ಅಂತ ಆ ಸಂಬಳ ನೋಡೋದಿಲ್ಲ. ಲಂಡನ್ನಿನಲ್ಲಿ ಕೆಲಸ ಮಾಡಿದರೆ ಮೇಲೆ ಸ್ವಲ್ಪ ಭತ್ಯೆ ಸೇರುತ್ತದೆ. ಅದು ಕೆಲಸ ಮಾಡೋ ಊರಿಗೆ, ಓದಿದ ಊರಿಗಲ್ಲ.

ನಮ್ಮ ಮನೆಗಳಲ್ಲಿ ಇದು ಒಪ್ಪಿಸೋಕೆ ಬಹಳ ಕಷ್ಟದ ಮಾತು. ನಾವು ಸಿಇಟಿ ರ‍್ಯಾಂಕ್ ನೋಡಿಕೊಂಡು ಬೆಳೆದ ಜನ. ಯಾವ ಕಾಲೇಜು ಅನ್ನೋದೇ ಅರ್ಧ ಬದುಕು ಅಂತ ನಂಬಿದವರು. ಎಂಜಿನಿಯರಿಂಗ್‌ನಲ್ಲಿ ಅದು ನಿಜ ಇರಬಹುದು. ನರ್ಸಿಂಗ್‌ನಲ್ಲಿ ಅಲ್ಲ.

ಹಾಗಂತ ಯೂನಿವರ್ಸಿಟಿಗಳಿಗೆ ಸ್ಥಾನ ಕೊಡುವ ಪತ್ರಿಕೆಗಳ ಲೀಗ್ ಟೇಬಲ್ ಸುಳ್ಳು ಅಂತಲ್ಲ. ಅದು ಅಳೆಯೋದು ಬೇರೆ ಏನನ್ನೋ. ಬಹಳಷ್ಟು ಟೇಬಲ್‌ಗಳಲ್ಲಿ ಸೇರುವ ಮಕ್ಕಳ ಅಂಕ ಎಷ್ಟು ಅನ್ನೋದಕ್ಕೆ ತೂಕ ಇದೆ. ಅದು ಒಳಗೆ ಬಂದವರ ಲೆಕ್ಕ, ಒಳಗೆ ಕಲಿಸಿದ್ದರ ಲೆಕ್ಕ ಅಲ್ಲ. ಕೆಲವು ಟೇಬಲ್‌ಗಳಲ್ಲಿ ಸಂಶೋಧನೆಗೂ ತೂಕ ಇದೆ. ರಾತ್ರಿ ಎರಡು ಗಂಟೆಗೆ ಉಸಿರಾಡಲು ಒದ್ದಾಡುತ್ತಿರುವ ಕೂಸಿನ ಮುಂದೆ ನಿಂತಾಗ ನಿಮ್ಮ ಪ್ರೊಫೆಸರ್ ಎಷ್ಟು ಪೇಪರ್ ಬರೆದರು ಅನ್ನೋದು ಅಷ್ಟಾಗಿ ಉಪಯೋಗಕ್ಕೆ ಬರೋದಿಲ್ಲ. ಇನ್ನೊಂದು, ಟೇಬಲ್‌ಗಳು ನರ್ಸಿಂಗ್ ಅಂತ ಒಂದೇ ಬುಟ್ಟಿಗೆ ಎಲ್ಲವನ್ನೂ ಹಾಕುತ್ತವೆ. ದೊಡ್ಡವರ ಫೀಲ್ಡ್‌ನಲ್ಲಿ ವಿದ್ಯಾರ್ಥಿಗಳು ಬಹಳ ಜಾಸ್ತಿ. ಮಕ್ಕಳ ಫೀಲ್ಡ್‌ನವರ ದನಿ ಆ ಗದ್ದಲದಲ್ಲಿ ಕೇಳಿಸೋದೇ ಇಲ್ಲ.

ಡಿಸ್ಕವರ್ ಯೂನಿ ಅನ್ನೋ ಅಧಿಕೃತ ತಾಣ ಸ್ವಲ್ಪ ವಾಸಿ. ಕೊನೆಯ ವರ್ಷದವರನ್ನು ಕೇಳಿ ಮಾಡುವ ನ್ಯಾಷನಲ್ ಸ್ಟೂಡೆಂಟ್ ಸರ್ವೆಯ ಉತ್ತರಗಳು ಅಲ್ಲಿ ಕೋರ್ಸ್‌ವಾರು ಸಿಗುತ್ತವೆ. ಆದರೆ ಕೆಳಗಿನ ಸಣ್ಣ ಅಕ್ಷರ ಓದಬೇಕು. ಸಂಖ್ಯೆ ಕಮ್ಮಿ ಇದ್ದರೆ ಪಕ್ಕದ ಕೋರ್ಸ್‌ಗಳನ್ನೂ ಸೇರಿಸಿ ತೋರಿಸುತ್ತಾರೆ.

ಅರ್ಧ ಡಿಗ್ರಿ ಆಸ್ಪತ್ರೆಯಲ್ಲಿದೆ

ಈಗ ನಿಜವಾದ ವಿಷಯ. ಎನ್‌ಎಂಸಿ ನಿಯಮದ ಪ್ರಕಾರ ನರ್ಸಿಂಗ್ ಡಿಗ್ರಿ ಅಂದರೆ 4,600 ಗಂಟೆ. ಅದರಲ್ಲಿ 2,300 ಪಾಠ, 2,300 ಪ್ರಾಕ್ಟೀಸ್. ವಾರಕ್ಕೆ 37.5 ಗಂಟೆಯ ಲೆಕ್ಕದಲ್ಲಿ ಭಾಗಿಸಿ ನೋಡಿ. ಪ್ರಾಕ್ಟೀಸ್ ಒಂದೇ 61 ವಾರ ಆಯಿತು. ಮೂರು ವರ್ಷದ ಡಿಗ್ರಿಯಲ್ಲಿ ಒಂದು ವರ್ಷಕ್ಕೂ ಜಾಸ್ತಿ ಕಾಲ ಅವಳು ಕ್ಯಾಂಪಸ್ಸಿನಲ್ಲೇ ಇರೋದಿಲ್ಲ. ವಾರ್ಡಿನಲ್ಲಿರುತ್ತಾಳೆ. ಹಾಗಾದರೆ ಆರಿಸಬೇಕಾದ್ದು ಏನು? ಕ್ಯಾಂಪಸ್ಸಿನ ಹುಲ್ಲುಹಾಸೋ, ಆ ವಾರ್ಡೋ?

ಈ ಪ್ರಾಕ್ಟೀಸ್ ಅವಧಿಗಳನ್ನು ಅಲ್ಲಿ ಪ್ಲೇಸ್‌ಮೆಂಟ್ ಅನ್ನುತ್ತಾರೆ. ಅದು ಎಲ್ಲಿ ಅಂತ ತೀರ್ಮಾನ ಮಾಡೋದು ಸಾಮಾನ್ಯವಾಗಿ ಯೂನಿವರ್ಸಿಟಿ. ವಿದ್ಯಾರ್ಥಿ ಆರಿಸಿಕೊಳ್ಳೋ ಹಾಗಿಲ್ಲ. ಹಾಗಾಗಿ ಯೂನಿವರ್ಸಿಟಿಯನ್ನು ಆರಿಸಿದರೆ ಅದರ ಆಸ್ಪತ್ರೆಗಳ ಕಟ್ಟನ್ನೂ ಆರಿಸಿದ ಹಾಗೇ. ಬರ್ಮಿಂಗ್‌ಹ್ಯಾಮ್ ಸಿಟಿ ಯೂನಿವರ್ಸಿಟಿಯಲ್ಲಿ ಓದುವವರಿಗೆ ಬರ್ಮಿಂಗ್‌ಹ್ಯಾಮ್ ಮಕ್ಕಳ ಆಸ್ಪತ್ರೆ, ಶೆಫೀಲ್ಡ್ ಹ್ಯಾಲಂನವರಿಗೆ ಶೆಫೀಲ್ಡ್ ಮಕ್ಕಳ ಆಸ್ಪತ್ರೆ, ಲಿವರ್‌ಪೂಲ್ ಸುತ್ತಿನ ಎಡ್ಜ್ ಹಿಲ್‌ನಂಥ ಕಡೆ ಓದುವವರಿಗೆ ಆಲ್ಡರ್ ಹೇ ಮಕ್ಕಳ ಆಸ್ಪತ್ರೆ, ಬ್ರಿಸ್ಟಲ್‌ನ ಯುಡಬ್ಲ್ಯೂಇ (ಯೂನಿವರ್ಸಿಟಿ ಆಫ್ ದಿ ವೆಸ್ಟ್ ಆಫ್ ಇಂಗ್ಲೆಂಡ್) ವಿದ್ಯಾರ್ಥಿಗಳಿಗೆ ಅಲ್ಲಿನ ರಾಯಲ್ ಮಕ್ಕಳ ಆಸ್ಪತ್ರೆ. ಹೀಗೆ ನಂಟು ಇರುತ್ತದೆ. ಆದರೆ ನಂಟು ಇದೆ ಅಂದ ಮಾತ್ರಕ್ಕೆ ಪ್ರತಿಯೊಬ್ಬರಿಗೂ ಅಲ್ಲೇ ಜಾಗ ಸಿಗುತ್ತದೆ ಅಂತಲ್ಲ. ಬ್ರೋಷರಿನ ಫೋಟೋದಲ್ಲಿ ದೊಡ್ಡ ಆಸ್ಪತ್ರೆ ಇರುತ್ತದೆ. ನಿಮ್ಮ ರೋಸ್ಟರಿನಲ್ಲಿ ಇನ್ನೊಂದು ಊರಿನ ಆಸ್ಪತ್ರೆ ಇರಬಹುದು.

ಇನ್ನೊಂದು ಊರಿನ ಆಸ್ಪತ್ರೆ ಅಂದರೆ ಮುಖ ಸಣ್ಣ ಮಾಡಬೇಡಿ. ಈ ವಿಚಾರದಲ್ಲಿ ನನಗೆ ಸ್ವಲ್ಪ ಗಟ್ಟಿಯಾದ ಅಭಿಪ್ರಾಯ ಇದೆ. ದೊಡ್ಡ ಮಕ್ಕಳ ಆಸ್ಪತ್ರೆಗಳಲ್ಲಿ ಹೃದಯದ ಆಪರೇಷನ್, ಕ್ಯಾನ್ಸರ್, ಕಿಡ್ನಿ ಕಸಿ ಇಂಥ ಅಪರೂಪದ್ದೆಲ್ಲ ಬರುತ್ತದೆ. ನೋಡೋಕೆ ಬಹಳ ಇದೆ. ಆದರೆ ಮೊದಲ ವರ್ಷದವಳು ಅಲ್ಲಿ ಎಷ್ಟೋ ಸಲ ಬರೀ ನೋಡುತ್ತಾಳೆ. ಜಿಲ್ಲಾ ಮಟ್ಟದ ಸಾಮಾನ್ಯ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಚಳಿಗಾಲ ಬಂತು ಅಂದರೆ ಬ್ರಾಂಕಿಯೋಲೈಟಿಸ್ (ಶ್ವಾಸಕೋಶದ ಸಣ್ಣ ನಾಳಗಳ ಸೋಂಕು) ಕೂಸುಗಳ ಸಾಲು. ಮೂಗಿನ ನಳಿಗೆಯಲ್ಲಿ ಆಮ್ಲಜನಕ, ಮೂಗಿನಿಂದ ಹೊಟ್ಟೆಗೆ ಇಳಿಸಿದ ಟ್ಯೂಬಿನಲ್ಲಿ ಹಾಲು. ಜೊತೆಗೆ ವಾಂತಿ ಭೇದಿ, ಅಸ್ತಮಾ, ಮರದಿಂದ ಬಿದ್ದು ಕೈ ಮುರಿದುಕೊಂಡವನು, ಮಾತ್ರೆ ನುಂಗಿ ಬಂದ ಹದಿನೈದರ ಹುಡುಗಿ. ಒಂದು ಮಗುವಿನ ಉಸಿರನ್ನು ದೂರದಿಂದ ನೋಡಿಯೇ "ಇದು ಸರಿ ಇಲ್ಲ" ಅನ್ನೋ ಕಣ್ಣು ಇಲ್ಲಿ ಬರುತ್ತದೆ. ನನ್ನನ್ನು ಕೇಳಿದರೆ ಎರಡೂ ಬೇಕು. ಮೊದಲು ಊರಿನ ವಾರ್ಡ್, ಆಮೇಲೆ ದೊಡ್ಡದು.

ವಾರ್ಡ್ ಅಷ್ಟೇ ಅಲ್ಲ. ಹೆಲ್ತ್ ವಿಸಿಟರ್ ಜೊತೆ ಮನೆಮನೆಗೆ ಹೋಗೋದು, ಸ್ಕೂಲ್ ನರ್ಸ್, ಮನೆಯಲ್ಲೇ ವೆಂಟಿಲೇಟರ್ ಇರುವ ಮಕ್ಕಳನ್ನು ನೋಡಿಕೊಳ್ಳುವ ಕಮ್ಯುನಿಟಿ ತಂಡ, ದಿನ ತುಂಬದೆ ಹುಟ್ಟಿದ ಕೂಸುಗಳ ಘಟಕ, ಮಕ್ಕಳ ಐಸಿಯು, ಆಪರೇಷನ್ ಥಿಯೇಟರ್, ಗುಣವಾಗದ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಹಾಸ್ಪಿಸ್. ಮಕ್ಕಳಿಗೆ ಅಂತಲೇ ಜಗತ್ತಿನ ಮೊದಲ ಹಾಸ್ಪಿಸ್ ಶುರುವಾಗಿದ್ದು ಆಕ್ಸ್‌ಫರ್ಡ್‌ನಲ್ಲಿ, 1982ರಲ್ಲಿ, ಹೆಲೆನ್ ಹೌಸ್ ಅಂತ. ಒಂದು ಯೂನಿವರ್ಸಿಟಿಯ ಪಟ್ಟಿಯಲ್ಲಿ ಇವುಗಳ ಪೈಕಿ ಎಷ್ಟು ಇವೆ ಅನ್ನೋದು ಕೇಳಲೇಬೇಕಾದ ಪ್ರಶ್ನೆ.

ಇದರ ಜೊತೆ ಒಂದು ಸೂಕ್ಷ್ಮ ಇದೆ. 2,300 ಪ್ರಾಕ್ಟೀಸ್ ಗಂಟೆಗಳಲ್ಲಿ 600 ಗಂಟೆಯವರೆಗೆ ಸಿಮ್ಯುಲೇಷನ್ ಮಾಡಿಸಬಹುದು ಅಂತ 2023ರಲ್ಲಿ ಎನ್‌ಎಂಸಿ ಬಿಟ್ಟುಕೊಟ್ಟಿತು. ಅಂದರೆ ಗೊಂಬೆ ಮಗು, ನಟರು, ಕಂಪ್ಯೂಟರ್ ಪರದೆ. ಪೂರ್ತಿ 600 ಬಳಸಿದರೆ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಆಯಿತು. ಸಿಮ್ಯುಲೇಷನ್ ಕೆಟ್ಟದ್ದು ಅಂತ ನಾನು ಹೇಳೋದಿಲ್ಲ. ಉಸಿರು ನಿಂತ ಕೂಸನ್ನು ಮೊದಲ ಸಲ ನೋಡೋದು ಗೊಂಬೆಯಲ್ಲೇ ಆಗಲಿ. ಆದರೆ ಒಂದು ಕಡೆ 100 ಗಂಟೆ, ಇನ್ನೊಂದು ಕಡೆ 600 ಅಂದರೆ ಅವು ಒಂದೇ ಡಿಗ್ರಿ ಅಲ್ಲ. ಎಷ್ಟು ಅಂತ ಕೇಳಿ. ಯಾಕೆ ಅಷ್ಟು ಅಂತಲೂ ಕೇಳಿ. "ಒಳ್ಳೆಯ ಲ್ಯಾಬ್ ಇದೆ" ಅನ್ನೋ ಉತ್ತರ ಬೇರೆ. "ಮಕ್ಕಳ ವಾರ್ಡುಗಳಲ್ಲಿ ಜಾಗ ಸಾಕಾಗೋದಿಲ್ಲ" ಅನ್ನೋ ಉತ್ತರ ಬೇರೆ.

ಯಾರು ಕಲಿಸುತ್ತಾರೆ

2018ರಲ್ಲಿ ಎನ್‌ಎಂಸಿ ಹೊಸ ಮಾನದಂಡ ತಂದಿತು. ನಾಲ್ಕೂ ಫೀಲ್ಡ್‌ನವರು ಕಲಿಯಬೇಕಾದ ಕೌಶಲಗಳ ದೊಡ್ಡ ಪಟ್ಟಿ ಅದರಲ್ಲಿದೆ. ರಕ್ತ ತೆಗೆಯೋದು, ಇಸಿಜಿ ಇಂಥವೆಲ್ಲ. ಅದರ ನಂತರ ಕೆಲವು ಕಡೆ ಎಲ್ಲ ಫೀಲ್ಡ್‌ನವರನ್ನೂ ಒಂದೇ ದೊಡ್ಡ ಹಾಲಿನಲ್ಲಿ ಕೂರಿಸಿ ಪಾಠ ಮಾಡೋದು ಜಾಸ್ತಿಯಾಯಿತು, ಉದಾಹರಣೆಗಳೆಲ್ಲ ದೊಡ್ಡವರ ವಾರ್ಡಿನವೇ ಅನ್ನೋ ದೂರು ಮಕ್ಕಳ ನರ್ಸ್‌ಗಳ ವಲಯದಲ್ಲಿ ಇದೆ. ದೂರಿನಲ್ಲಿ ಹುರುಳಿದೆ ಅಂತ ನನಗೂ ಅನ್ನಿಸುತ್ತದೆ. ಒಂದು ಲೆಕ್ಕ ಹೇಳುತ್ತೇನೆ, ನೋಡಿ.

12 ಕಿಲೋ ತೂಕದ ಮಗು. ಕಿಲೋಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಕೊಡಿ ಅಂತ ಡಾಕ್ಟರ್ ಬರೆದಿದ್ದಾರೆ ಅನ್ನಿ. 180 ಮಿಲಿಗ್ರಾಂ ಬೇಕು. ಬಾಟಲಿಯ ಸಿರಪ್‌ನಲ್ಲಿ 5 ಎಂಎಲ್‌ಗೆ 120 ಮಿಲಿಗ್ರಾಂ ಇದೆ. ಹಾಗಾದರೆ 7.5 ಎಂಎಲ್. ದೊಡ್ಡವರ ವಾರ್ಡಿನಲ್ಲಿ ಎರಡು ಮಾತ್ರೆ ಕೊಟ್ಟರೆ ಮುಗಿಯಿತು. ಇಲ್ಲಿ ಪ್ರತಿ ಮಗುವಿಗೂ ಹೊಸ ಲೆಕ್ಕ. ಚುಕ್ಕಿ ಒಂದು ಮನೆ ಆಚೆ ಹೋದರೆ ಹತ್ತು ಪಟ್ಟು ಔಷಧ. ಔಷಧದ ಲೆಕ್ಕದ ಪರೀಕ್ಷೆಯಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ನೂರಕ್ಕೆ ನೂರು ತೆಗೆಯಲೇಬೇಕು ಅಂತ ನಿಯಮ ಇರೋದು ಸುಮ್ನೆ ಅಲ್ಲ. ಇನ್ನು ಲೆಕ್ಕ ಸರಿ ಮಾಡಿ ತಂದ 7.5 ಎಂಎಲ್ ಅನ್ನು ಬಾಯಿ ಬಿಗಿ ಹಿಡಿದುಕೊಂಡ ಎರಡು ವರ್ಷದವನಿಗೆ ಕುಡಿಸೋದು ಇನ್ನೊಂದು ವಿದ್ಯೆ.

ಒಪ್ಪಿಗೆಯ ವಿಷಯವೂ ಹಾಗೇ. 16 ದಾಟದ ಹುಡುಗಿಗೆ ವಿಷಯ ಸರಿಯಾಗಿ ಅರ್ಥವಾಗುತ್ತದೆ ಅಂದರೆ ಅವಳೇ ಚಿಕಿತ್ಸೆಗೆ ಒಪ್ಪಿಗೆ ಕೊಡಬಹುದು ಅನ್ನೋದು ಗಿಲಿಕ್ ತೀರ್ಪು, 1985ರದ್ದು. ಅಮ್ಮ ಒಂದು ಹೇಳುತ್ತಾಳೆ, ಮಗಳು ಇನ್ನೊಂದು, ನಡುವೆ ನರ್ಸ್. ಇದನ್ನು ಮಕ್ಕಳ ವಾರ್ಡಿನಲ್ಲಿ ನಿಂತು ಬಂದವರೇ ಕಲಿಸಬೇಕು. ಹಾಗಾಗಿ ಓಪನ್ ಡೇಯಲ್ಲಿ, ಅಂದರೆ ಸೇರಬೇಕು ಅನ್ನೋರಿಗೆ ಯೂನಿವರ್ಸಿಟಿ ತೋರಿಸುವ ದಿನ, ಎರಡು ಪ್ರಶ್ನೆ. ನಿಮ್ಮಲ್ಲಿ ಮಕ್ಕಳ ನರ್ಸ್ ಆಗಿ ನೋಂದಾಯಿಸಿಕೊಂಡ ಟೀಚರ್‌ಗಳು ಎಷ್ಟು ಜನ? ಮೊದಲ ವರ್ಷದಲ್ಲಿ ಮಕ್ಕಳ ಫೀಲ್ಡ್‌ನವರಿಗೇ ಅಂತ ಇರುವ ಪಾಠ ವಾರಕ್ಕೆ ಎಷ್ಟು?

ಓಪನ್ ಡೇಯಲ್ಲಿ ನಾವು ಭಾರತದ ಅಪ್ಪ ಅಮ್ಮಂದಿರು ಮಾಡೋ ತಪ್ಪು ಒಂದಿದೆ. ಸೀದಾ ಪ್ರೊಫೆಸರ್ ಹತ್ತಿರ ಹೋಗಿ ನಿಂತುಕೊಳ್ಳುತ್ತೇವೆ. ಅವರು ಒಳ್ಳೆಯದನ್ನೇ ಹೇಳುತ್ತಾರೆ, ಅದು ಅವರ ಕೆಲಸ. ಅಲ್ಲೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ದಾರಿ ತೋರಿಸುತ್ತಾ ನಿಂತಿರುವ ಮೂರನೇ ವರ್ಷದ ಹುಡುಗಿ ಇರುತ್ತಾಳಲ್ಲ, ಅವಳನ್ನು ಹಿಡಿಯಿರಿ. "ಮೂರು ವರ್ಷದಲ್ಲಿ ನೀನು ಎಲ್ಲೆಲ್ಲಿ ಪ್ಲೇಸ್‌ಮೆಂಟ್ ಮಾಡಿದೆ? ಹೇಗೆ ಹೋಗುತ್ತಿದ್ದೆ?" ಅಷ್ಟೇ ಕೇಳಿ. ನಮ್ಮ ಹುಡುಗಿ ಹೀಗೆ ಒಬ್ಬಳನ್ನು ಕೇಳಿದಾಗ ಅವಳು ಬೆರಳು ಮಡಚಿ ಎಣಿಸಿದಳು. ಏಳು ಜಾಗ. ಅದರಲ್ಲಿ ಬ್ರೋಷರಿನ ಆಸ್ಪತ್ರೆ ಒಂದೇ ಸಲ, ಆರು ವಾರ. ಬ್ರೋಷರ್ ಸುಳ್ಳು ಹೇಳಿರಲಿಲ್ಲ. ಪೂರ್ತಿ ಹೇಳಿರಲಿಲ್ಲ ಅಷ್ಟೇ.

ಇನ್ನೊಂದು ಪದ ಕಲಿತಿಟ್ಟುಕೊಳ್ಳಿ: ಸೂಪರ್‌ನ್ಯೂಮರರಿ. ವಿದ್ಯಾರ್ಥಿಯನ್ನು ವಾರ್ಡಿನ ಸಿಬ್ಬಂದಿ ಲೆಕ್ಕಕ್ಕೆ ಸೇರಿಸಬಾರದು, ಅವಳು ಕಲಿಯೋಕೆ ಬಂದವಳು ಅಂತ ಅದರ ಅರ್ಥ. ನಿಯಮ ಎಲ್ಲ ಕಡೆ ಇದೆ. ಕೆಲಸದವರು ಕಮ್ಮಿ ಇರೋ ದಿನ ಅದನ್ನು ಎಷ್ಟು ಪಾಲಿಸುತ್ತಾರೆ, ಪಾಲಿಸದಿದ್ದರೆ ಯೂನಿವರ್ಸಿಟಿಯಲ್ಲಿ ಯಾರಿಗೆ ಫೋನ್ ಮಾಡಬೇಕು, ಅವರು ಎತ್ತುತ್ತಾರಾ? ಇದಕ್ಕೂ ಆ ಟೀ ಶರ್ಟ್ ಹುಡುಗಿಯ ಹತ್ತಿರವೇ ಉತ್ತರ ಇರೋದು.

ದುಡ್ಡು, ವೀಸಾ, ಆಗಸ್ಟ್ ಟಿಕೆಟ್

ಇಂಗ್ಲೆಂಡಿನಲ್ಲಿ 2025-26ಕ್ಕೆ ಫೀಸು ವರ್ಷಕ್ಕೆ 9,535 ಪೌಂಡ್. ಬಹುತೇಕ ಎಲ್ಲ ಕಡೆ ಅಷ್ಟೇ. ಹಾಗಾಗಿ ಫೀಸು ನೋಡಿ ಯೂನಿವರ್ಸಿಟಿ ಆರಿಸೋ ಪ್ರಶ್ನೆ ಅಲ್ಲಿನವರಿಗೆ ಇಲ್ಲ, ಸ್ಟೂಡೆಂಟ್ ಲೋನ್ ಸಿಗುತ್ತದೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಮೊದಲು ಎನ್‌ಎಚ್‌ಎಸ್ ಬರ್ಸರಿ, ಅಂದರೆ ಸಹಾಯಧನ, ಇತ್ತು, 2017ರಲ್ಲಿ ಹೊಸಬರಿಗೆ ನಿಲ್ಲಿಸಿದರು. ಅರ್ಜಿ ಹಾಕುವವರು ಕಮ್ಮಿಯಾದರು. 2020ರಲ್ಲಿ ವರ್ಷಕ್ಕೆ 5,000 ಪೌಂಡ್ ಗ್ರಾಂಟ್ ಬಂತು, ವಾಪಸ್ ಕಟ್ಟೋ ಹಾಗಿಲ್ಲ. ವಿದ್ಯಾರ್ಥಿಗೇ ಮಕ್ಕಳಿದ್ದರೆ ಇನ್ನೂ 2,000. ಪ್ಲೇಸ್‌ಮೆಂಟಿಗೆ ದೂರ ಹೋಗಬೇಕಾದರೆ ಮಾಮೂಲಿಗಿಂತ ಜಾಸ್ತಿಯಾದ ಓಡಾಟದ ಖರ್ಚು ಮತ್ತು ಅಲ್ಲಿ ಉಳಿದುಕೊಂಡ ಖರ್ಚು ಕೇಳಿ ಪಡೆಯಬಹುದು. ಆದರೆ ಮೊದಲು ಕೈಯಿಂದ ಹಾಕಬೇಕು, ದುಡ್ಡು ಆಮೇಲೆ ಬರುತ್ತದೆ.

ವೇಲ್ಸ್‌ನಲ್ಲಿ ಬೇರೆ ಲೆಕ್ಕ. ಓದು ಮುಗಿದ ಮೇಲೆ ಎರಡು ವರ್ಷ ಇಲ್ಲೇ ಕೆಲಸ ಮಾಡುತ್ತೇನೆ ಅಂತ ಒಪ್ಪಿಕೊಂಡರೆ ಫೀಸು ಎನ್‌ಎಚ್‌ಎಸ್ ವೇಲ್ಸ್ ಕಟ್ಟುತ್ತದೆ. ಸ್ಕಾಟ್ಲೆಂಡಿನ ಮಕ್ಕಳಿಗೆ ಅಲ್ಲಿ ಫೀಸೂ ಇಲ್ಲ, ಮೇಲೆ ವರ್ಷಕ್ಕೆ 10,000 ಪೌಂಡ್ ಬರ್ಸರಿ. ಒಂದು ದೇಶದ ಮನೆಯವರು ಇನ್ನೊಂದು ದೇಶಕ್ಕೆ ಓದಲು ಹೋಗುವಾಗ ಯಾವ ನೆರವು ಕೈಬಿಡುತ್ತದೆ ಅಂತ ಲೆಕ್ಕ ಹಾಕದೆ ಎಡಿನ್‌ಬರ ಊರು ಚೆನ್ನಾಗಿದೆ ಅಂತ ಹೊರಡಬೇಡಿ.

ಈಗ ನಮ್ಮವರಿಗೆ ಕಚ್ಚೋ ವಿಷಯ. ಅಪ್ಪ ಅಥವಾ ಅಮ್ಮ ಕೆಲಸದ ವೀಸಾದಲ್ಲಿ ಬಂದು, ಖಾಯಂ ವಾಸದ ಅನುಮತಿ ಇನ್ನೂ ಸಿಗದ ಮನೆಗಳಲ್ಲಿ ಮಗಳು ಅಲ್ಲಿನ ಸ್ಕೂಲಲ್ಲೇ ಓದಿದ್ದರೂ ಸಾಮಾನ್ಯವಾಗಿ ವಿದೇಶಿ ವಿದ್ಯಾರ್ಥಿ ಅಂತ ಲೆಕ್ಕ. ಫೀಸು ಎರಡು ಪಟ್ಟು ಅಥವಾ ಅದಕ್ಕೂ ಜಾಸ್ತಿ ಆಗಬಹುದು. ಲೋನ್ ಇಲ್ಲ, ಆ 5,000 ಇಲ್ಲ. ಕೆಲವು ಯೂನಿವರ್ಸಿಟಿಗಳು ನರ್ಸಿಂಗ್‌ಗೆ ವಿದೇಶಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳೋದೇ ಇಲ್ಲ. ಬೆಂಗಳೂರಿನಿಂದ ನೇರ ಹೋಗಿ ಸೇರಬೇಕು ಅನ್ನೋರಿಗೂ ಇದೇ ಮಾತು. ಅರ್ಜಿ ಹಾಕೋ ಮುಂಚೆ ಯೂನಿವರ್ಸಿಟಿಗೆ ಒಂದು ಈಮೇಲ್ ಹಾಕಿ, ಉತ್ತರ ಬರಹದಲ್ಲಿ ತೆಗೆದುಕೊಳ್ಳಿ. ಒಂದು ಮನೆಯಲ್ಲಿ ಅನುಮತಿ ಕೆಲವೇ ತಿಂಗಳಲ್ಲಿ ಬರುವುದಿತ್ತು. ಮಗಳು ಒಂದು ವರ್ಷ ಕಾದಳು, ಆ ವರ್ಷ ಒಂದು ನರ್ಸರಿಯಲ್ಲಿ ಪುಟ್ಟ ಮಕ್ಕಳ ಜೊತೆ ಕೆಲಸ ಮಾಡಿದಳು. ಮುಂದೆ ಇಂಟರ್‌ವ್ಯೂನಲ್ಲಿ ಅವಳಿಗೆ ಹೇಳೋಕೆ ಬೇಕಾದಷ್ಟು ಕಥೆ ಇತ್ತು.

ಇನ್ನೊಂದು ಸಣ್ಣ ವಿಷಯ, ಆದರೆ ಮನೆಯಲ್ಲಿ ಜಗಳ ತರುವಂಥದ್ದು. ನರ್ಸಿಂಗ್‌ಗೆ ಬೇರೆ ಡಿಗ್ರಿಗಳ ಹಾಗೆ ಮೂರು ತಿಂಗಳ ಬೇಸಿಗೆ ರಜೆ ಇರೋದಿಲ್ಲ. ವರ್ಷದಲ್ಲಿ ನಲವತ್ತು ವಾರಕ್ಕೂ ಜಾಸ್ತಿ ಪಾಠ, ಪ್ಲೇಸ್‌ಮೆಂಟ್. ಆಗಸ್ಟಿನಲ್ಲಿ ಮೈಸೂರಿಗೆ ಟಿಕೆಟ್ ಮಾಡೋ ಮುಂಚೆ ಅವಳ ಕ್ಯಾಲೆಂಡರ್ ನೋಡಿ. ಸೆಪ್ಟೆಂಬರ್ ಬದಲು ಜನವರಿ ಸುತ್ತ ಶುರುವಾಗುವ ಬ್ಯಾಚುಗಳೂ ಕೆಲವು ಕಡೆ ಇವೆ, ಅವರ ರಜೆಗಳು ಇನ್ನೂ ಬೇರೆ.

ಐದು ಆಯ್ಕೆ

ಅರ್ಜಿ ಹೋಗೋದು ಯುಕಾಸ್ ಮೂಲಕ, ಎಲ್ಲ ಯೂನಿವರ್ಸಿಟಿಗೂ ಅರ್ಜಿ ತಲುಪಿಸುವ ಸಂಸ್ಥೆ ಅದು. ಐದು ಆಯ್ಕೆ ಹಾಕಬಹುದು. ನೀವು ಬೇರೆ ಎಲ್ಲೆಲ್ಲಿ ಹಾಕಿದ್ದೀರಿ ಅಂತ ಆಯ್ಕೆ ಮಾಡೋ ಹೊತ್ತಿನಲ್ಲಿ ಯೂನಿವರ್ಸಿಟಿಗಳಿಗೆ ಕಾಣೋದಿಲ್ಲ. ಆದರೆ ನಿಮ್ಮ ಬಗ್ಗೆ ಬರೆದುಕೊಳ್ಳುವ ಪರ್ಸನಲ್ ಸ್ಟೇಟ್‌ಮೆಂಟ್ ಐದಕ್ಕೂ ಒಂದೇ. ಹಾಗಾಗಿ ಮೂರು ಮಕ್ಕಳ ನರ್ಸಿಂಗ್, ಎರಡು ದೊಡ್ಡವರದ್ದು ಅಂತ ಬೆರೆಸಿದರೆ ಬರೆಯೋದು ಎಡಬಿಡಂಗಿ ಆಗುತ್ತದೆ. 2026ರ ಪ್ರವೇಶದಿಂದ ಅದು ಮೂರು ಪ್ರಶ್ನೆಗಳ ರೂಪಕ್ಕೆ ಬದಲಾಗಿದೆ, ಒಟ್ಟು 4,000 ಅಕ್ಷರ. 2026ರ ಪ್ರವೇಶಕ್ಕೆ ಗಡುವು ಆ ವರ್ಷದ ಜನವರಿ 14 ಇತ್ತು.

ಅಂಕಗಳ ಬಗ್ಗೆ ಜಾಸ್ತಿ ಹೇಳೋದಿಲ್ಲ. ಪ್ರತಿ ಯೂನಿವರ್ಸಿಟಿಯ ಪುಟದಲ್ಲಿ ಇರುತ್ತದೆ. ಜಿಸಿಎಸ್‌ಇಯಲ್ಲಿ, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆಯಲ್ಲಿ, ಗಣಿತ, ಇಂಗ್ಲಿಷ್, ಹಲವು ಕಡೆ ವಿಜ್ಞಾನ ಕನಿಷ್ಠ 4ನೇ ಗ್ರೇಡ್ ಇರಬೇಕು. ಬೇಗ ನೋಡಿಟ್ಟುಕೊಂಡರೆ ಸಾಕು.

ಇಂಟರ್‌ವ್ಯೂಗೆ ಮಾತ್ರ ತಯಾರಿ ಬೇಕು. ಹಲವು ಕಡೆ ಸಣ್ಣ ಸಣ್ಣ ಕೋಣೆಗಳಲ್ಲಿ ಐದಾರು ನಿಮಿಷದ ಸರಣಿ ಇಂಟರ್‌ವ್ಯೂ. ಎಲ್ಲರೂ ಆರು 'ಸಿ'ಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ: ಕೇರ್, ಕಂಪ್ಯಾಷನ್, ಕಾಂಪಿಟೆನ್ಸ್, ಕಮ್ಯುನಿಕೇಷನ್, ಕರೇಜ್, ಕಮಿಟ್‌ಮೆಂಟ್. ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿ ಬರೋದರಿಂದ ಏನೂ ಉಪಯೋಗ ಇಲ್ಲ. ನಮ್ಮ ಹುಡುಗಿಗೆ ಕೇಳಿದ ಒಂದು ಪ್ರಶ್ನೆ ಇದು: "ಮಗು ಅಳುತ್ತಿದೆ, ಅಪ್ಪ ನಿಮ್ಮ ಮೇಲೆ ಕೂಗಾಡುತ್ತಿದ್ದಾರೆ. ಮೊದಲು ಯಾರ ಜೊತೆ ಮಾತಾಡುತ್ತೀರಿ?" ಅವಳು ಸುಮ್ಮನೆ ಸ್ವಲ್ಪ ಹೊತ್ತು ಯೋಚಿಸಿ, ಮಗು ಯಾಕೆ ಅಳುತ್ತಿದೆ ಅಂತ ಅಪ್ಪನನ್ನೇ ಕೇಳುತ್ತೇನೆ ಅಂದಳಂತೆ. ಇಂಟರ್‌ವ್ಯೂನ ಗುಣಮಟ್ಟವೂ ನಿಮಗೆ ಒಂದು ಸುಳಿವು. ಎದುರಿಗೆ ಕೂತವರಲ್ಲಿ ಒಬ್ಬರಾದರೂ ಮಕ್ಕಳ ನರ್ಸ್ ಇದ್ದರಾ ಅಂತ ಗಮನಿಸಿ.

ಕೆಲಸದ ಮಾತು. ಮಕ್ಕಳ ವಾರ್ಡುಗಳು ದೊಡ್ಡವರ ವಾರ್ಡುಗಳಿಗಿಂತ ಬಹಳ ಕಮ್ಮಿ, ಹಾಗಾಗಿ ಹುದ್ದೆಗಳೂ ಕಮ್ಮಿ. ಹೊಸ ನರ್ಸ್‌ಗಳಿಗೆ ಕೆಲಸ ಸಿಗುತ್ತಿಲ್ಲ ಅನ್ನೋ ದೂರು ಎಷ್ಟು ಜೋರಾಯಿತೆಂದರೆ, 2025ರ ಆಗಸ್ಟಿನಲ್ಲಿ ಬ್ರಿಟನ್ ಸರ್ಕಾರ ಇಂಗ್ಲೆಂಡಿಗೆ ಗ್ರಾಜುಯೇಟ್ ಗ್ಯಾರಂಟಿ ಅಂತ ಒಂದು ಯೋಜನೆ ಘೋಷಿಸಬೇಕಾಯಿತು. ಇದಕ್ಕೂ ಯೂನಿವರ್ಸಿಟಿ ಆಯ್ಕೆಗೂ ಸಂಬಂಧ ಇದೆ. ಕೊನೆಯ ಪ್ಲೇಸ್‌ಮೆಂಟ್ ಮಾಡಿದ ವಾರ್ಡಿನಲ್ಲಿ ನಿಮ್ಮ ಕೈಗುಣ ಸಿಸ್ಟರ್‌ಗೆ ಗೊತ್ತಿರುತ್ತದೆ. ಎಷ್ಟೋ ಜನಕ್ಕೆ ಮೊದಲ ಕೆಲಸ ಸಿಗೋದು ಅಲ್ಲೇ. ಹಾಗಾಗಿ ಓದಿದ ಮೇಲೆ ಎಲ್ಲಿ ಇರಬೇಕು ಅಂತ ಆಸೆಯೋ, ಆ ಸುತ್ತಿನ ಆಸ್ಪತ್ರೆಗಳಿಗೆ ಮಕ್ಕಳನ್ನು ಕಳಿಸುವ ಯೂನಿವರ್ಸಿಟಿ ನೋಡೋದು ಜಾಣತನ.

ನಮ್ಮ ಹುಡುಗಿಗೆ ಕೊನೆಗೆ ಕೈಯಲ್ಲಿ ಉಳಿದದ್ದು ಎರಡು ಆಫರ್. ಒಂದು ದೊಡ್ಡ ಊರಿನ ಹೆಸರುವಾಸಿ ಯೂನಿವರ್ಸಿಟಿ. ಇನ್ನೊಂದು ಮಧ್ಯಮ ಊರಿನದು, ಸ್ಪ್ರೆಡ್‌ಶೀಟಿನಲ್ಲಿ ಒಂಬತ್ತನೇ ಸಾಲಿನಲ್ಲಿ ಇದ್ದದ್ದು. ಯುಕಾಸ್‌ನಲ್ಲಿ ಒಂದನ್ನು ಫರ್ಮ್, ಇನ್ನೊಂದನ್ನು ಇನ್ಷೂರೆನ್ಸ್ ಅಂತ ಆರಿಸಬೇಕು. ಅಂಕ ಕಮ್ಮಿ ಬಂದರೆ ಕೈ ಹಿಡಿಯೋದು ಇನ್ಷೂರೆನ್ಸ್. ಹಾಗಾಗಿ ಅದರ ಷರತ್ತು ಫರ್ಮ್‌ಗಿಂತ ಸಲೀಸಾಗಿರಬೇಕು, ಇಲ್ಲದಿದ್ದರೆ ಇದ್ದೂ ಇಲ್ಲದ ಹಾಗೆ.

ಅವಳ ಅಪ್ಪನಿಗೆ ದೊಡ್ಡ ಊರೇ ಇಷ್ಟ. ಅವಳು ಎರಡೂ ಕಡೆಯ ಮೂರನೇ ವರ್ಷದವರಿಂದ ಪ್ಲೇಸ್‌ಮೆಂಟ್ ಜಾಗಗಳ ಪಟ್ಟಿ ತಂದಿದ್ದಳು. ಹಾಸ್ಟೆಲ್ ರೂಮ್ ನೋಡೋದು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗಾಗುತ್ತದೆ, ಮೊದಲು ಬಸ್ ನೋಡೋಣ ಅಂತ ನಾನು ಅಂದೆ. ವಾರ್ಡಿನ ಶಿಫ್ಟ್ ಬೆಳಿಗ್ಗೆ ಏಳೂವರೆಗೆ ಶುರು, ರಾತ್ರಿ ಎಂಟರ ಹೊತ್ತಿಗೆ ಮುಗಿಯುತ್ತದೆ. ಶನಿವಾರ, ಭಾನುವಾರ, ರಾತ್ರಿ ಪಾಳಿ ಎಲ್ಲ ಸೇರಿ. ಅಡುಗೆಮನೆ ಟೇಬಲ್ಲಿನ ಮೇಲೆ ಇಬ್ಬರೂ ಕೂತು ಒಂದೊಂದೇ ಆಸ್ಪತ್ರೆಗೆ ಏಳೂವರೆಗೆ ಮುಟ್ಟುವ ಬಸ್ಸು, ರೈಲು ಹುಡುಕಿದೆವು. ದೊಡ್ಡ ಊರಿನ ಪಟ್ಟಿಯಲ್ಲಿದ್ದ ಆರರಲ್ಲಿ ಎರಡಕ್ಕೆ ಭಾನುವಾರದ ಮೊದಲ ಬಸ್ಸು ಮುಟ್ಟೋದೇ 8.40ಕ್ಕೆ. ಒಂಬತ್ತನೇ ಸಾಲಿನ ಯೂನಿವರ್ಸಿಟಿಯಲ್ಲಿ ಹಾಗೆ ಸಿಕ್ಕಿಹಾಕಿಕೊಳ್ಳುವ ಜಾಗ ಒಂದೇ, ಅಲ್ಲಿಗೆ ನರ್ಸ್‌ಗಳ ಹಾಸ್ಟೆಲಿನಲ್ಲಿ ರೂಮ್ ಕೊಡುತ್ತಾರೆ. ಅವಳು ಸ್ಪ್ರೆಡ್‌ಶೀಟಿನಲ್ಲಿ "ಊರು ಚೆನ್ನಾಗಿದೆಯಾ" ಅನ್ನೋ ಕಾಲಂ ಅಳಿಸಿ ಅಲ್ಲಿ "ಭಾನುವಾರದ ಬಸ್ಸು" ಅಂತ ಬರೆದಳು. ಆಮೇಲೆ ಎದ್ದುಹೋಗಿ ಅಪ್ಪನಿಗೆ ಫೋನ್ ಮಾಡಿದಳು.